ಬಿಟ್ಟಿಯ ನೆಲದಲ್ಲಿ ಹುಟ್ಟಿದ ಪದ

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯವನ್ನು ದಾಟಿ ಪೀಣ್ಯ ಕೈಗಾರಿಕಾ ಪ್ರದೇಶದ ಒಳದಾರಿಗಳನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಫಲಕಗಳ ಸಾಲು. ಫೋರ್ಜಿಂಗ್ಸ್, ಟೂಲ್ಸ್, ಸ್ಪ್ರಿಂಗ್ಸ್, ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಎಂದು ಕಬ್ಬಿಣದ ಕಸುಬುಗಳ ನಾಮಾವಳಿಯನ್ನೇ ಹೊತ್ತು ನಿಂತ ಆ ಸಾಲಿನ ನಡುವೆ ಈಚಿನ ವರ್ಷಗಳಲ್ಲಿ ರೊಬಾಟಿಕ್ಸ್ ಎಂಬ ಮಾತೂ ಸೇರಿಕೊಂಡಿದೆ. ಅದೇ ಮಾತು ನಗರದ ಇನ್ನೊಂದು ಅಂಚಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಗೋಡೆಗಳ ಮೇಲೆ ಕಾಣುತ್ತದೆ; ವೈಟ್‌ಫೀಲ್ಡಿನ ಕಡೆ ಮಕ್ಕಳ ಬೇಸಿಗೆ ಶಿಬಿರದ ಕರಪತ್ರಗಳಲ್ಲಿ, ಚಿತ್ರಕಲೆ ಮತ್ತು ಈಜಿನ ಪಕ್ಕದಲ್ಲಿ, ಅಚ್ಚಾಗಿ ಬರುತ್ತದೆ. ಅರ್ಥವೇನೆಂದು ಕೇಳಿದರೆ, ಯಂತ್ರಮಾನವರನ್ನು ರಚಿಸುವ, ನಡೆಸುವ, ತಿದ್ದುವ ಶಾಸ್ತ್ರ ಎಂದು ಹೈಸ್ಕೂಲಿನ ಹುಡುಗನೂ ಹೇಳಿಯಾನು. ಆ ಉತ್ತರದಲ್ಲಿ ದೋಷವೇನೂ ಇಲ್ಲ. ಆದರೆ ಪದವೊಂದು ಇಂದು ಏನನ್ನು ಸೂಚಿಸುತ್ತದೆಯೆಂಬುದು ಒಂದು ವಿಷಯವಾದರೆ, ಅದು ಯಾರ ಬಾಯಿಂದ, ಯಾವ ನೋವಿನಿಂದ ಹೊರಟು ಬಂದಿತೆಂಬುದು ಇನ್ನೊಂದು ವಿಷಯ. ಈ ಪದದ ಮಟ್ಟಿಗಂತೂ ಎರಡನೆಯದನ್ನು ತಿಳಿಯದವನು ಮೊದಲನೆಯದನ್ನು ಅರ್ಧ ಮಾತ್ರ ತಿಳಿದಂತೆ. ಬುಡವನ್ನು ಅಗೆದು ನೋಡಿದರೆ ಅಲ್ಲಿ ಕಬ್ಬಿಣವಿಲ್ಲ, ವಿದ್ಯುತ್ತಿಲ್ಲ. ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಗೇಯುವ ಒಬ್ಬ ರೈತನಿದ್ದಾನೆ.

ಮಧ್ಯ ಯೂರೋಪಿನ ಬೊಹೀಮಿಯ ಪ್ರಾಂತದ ಈಶಾನ್ಯ ಭಾಗದಲ್ಲಿ, 1890ರಲ್ಲಿ, ಹಳ್ಳಿಗಾಡಿನ ವೈದ್ಯನೊಬ್ಬನ ಮಗನಾಗಿ ಕಾರೆಲ್ ಚಾಪೆಕನು ಜನಿಸಿದನು. ಅವನಿಗಿಂತ ಮೂರು ವರ್ಷ ಹಿರಿಯನಾದ ಯೋಸೆಫನು ಚಿತ್ರಕಾರ. ಕುಂಚವನ್ನೂ ಲೇಖನಿಯನ್ನೂ ಸಮಾನವಾಗಿ ಬಲ್ಲವನು. ಅಣ್ಣತಮ್ಮಂದಿರಿಬ್ಬರೂ ಕೂಡಿ ಬರೆದದ್ದುಂಟು, ಬೇರೆ ಬೇರೆಯಾಗಿ ಬರೆದದ್ದುಂಟು. ಮೊದಲನೆಯ ಮಹಾಯುದ್ಧ ಮುಗಿದು ಜೆಕೊಸ್ಲೊವಾಕಿಯವೆಂಬ ಹೊಸ ಗಣರಾಜ್ಯ ತಲೆಯೆತ್ತಿದ ಕಾಲದಲ್ಲಿ, ಮನುಷ್ಯನ ದುಡಿಮೆಯನ್ನೆಲ್ಲ ತಾನೇ ವಹಿಸಿಕೊಳ್ಳುವ ಕೃತಕ ಆಳುಗಳನ್ನು ಕಾರ್ಖಾನೆಯಲ್ಲಿ ಉತ್ಪಾದಿಸುವ ಕಥೆಯೊಂದು ತಮ್ಮನ ಮನಸ್ಸಿನಲ್ಲಿ ಮೂಡಿತು. ಕಥೆ ಹೊಳೆಯಿತಾದರೂ ಆ ಆಳುಗಳನ್ನು ಏನೆಂದು ಕರೆಯಬೇಕೆಂಬುದು ಹೊಳೆಯಲಿಲ್ಲ. ಲ್ಯಾಟಿನ್ನಿನಲ್ಲಿ ದುಡಿಮೆಗೆ ಲಾಬೊರ್ ಎಂದು ಹೆಸರಿರುವುದಷ್ಟೆ. ಅದರಿಂದ ಹೆಸರೊಂದನ್ನು ಕಟ್ಟಿ ನೋಡಿದನು. ಆ ಹೆಸರು ಪುಸ್ತಕದ ವಾಸನೆ ಹೊಡೆಯುತ್ತದೆಂದು ಅವನಿಗೇ ಅನಿಸಿತು. ಅಣ್ಣನು ಚಿತ್ರಫಲಕದ ಮುಂದೆ ನಿಂತು ಬಣ್ಣ ಹಚ್ಚುತ್ತಿದ್ದಲ್ಲಿಗೆ ಹೋಗಿ ತನ್ನ ತೊಡಕನ್ನು ಹೇಳಿಕೊಂಡಾಗ, ಬಾಯಲ್ಲಿ ಕುಂಚವನ್ನು ಕಚ್ಚಿ ಹಿಡಿದಿದ್ದ ಯೋಸೆಫನು, ಹಾಗಾದರೆ ರೊಬೊಟ್ ಎನ್ನು ಎಂದು ಗೊಣಗಿ, ತನ್ನ ಕೆಲಸವನ್ನು ಮುಂದುವರಿಸಿದನಂತೆ. ಇದನ್ನು ಕಾರೆಲನೇ 1933ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು, ಪದದ ಕರ್ತೃತ್ವದ ಗೌರವ ತನಗಲ್ಲ, ಅಣ್ಣನಿಗೆ ಸಲ್ಲತಕ್ಕದ್ದೆಂದು ಸ್ಪಷ್ಟಪಡಿಸಿದನು. ‘ಆರ್.ಯು.ಆರ್.’ ಎಂಬ ಆ ನಾಟಕ 1920ರಲ್ಲಿ ಅಚ್ಚಾಯಿತು. 1921ರ ಜನವರಿ 25ರಂದು ಪ್ರಾಗಿನ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರದರ್ಶಿತವಾಯಿತು. ಮರುವರ್ಷ ನ್ಯೂಯಾರ್ಕಿಗೂ ಅದರ ಮರುವರ್ಷ ಲಂಡನ್ನಿಗೂ ಹೋಯಿತು. ನಾಟಕ ಹೋದಲ್ಲೆಲ್ಲ ಆ ಪದವೂ ಹೋಗಿ, ನಾಟಕವನ್ನು ಜನ ಮರೆತ ಮೇಲೂ ತಾನು ಅಲ್ಲಿಯೇ ನೆಲಸಿತು.

ಯೋಸೆಫನ ನಾಲಿಗೆಗೆ ಅಷ್ಟು ಅನಾಯಾಸವಾಗಿ ಆ ಮಾತು ಬಂದುದೇತಕ್ಕೆ? ಜೆಕ್ ಭಾಷೆಯಲ್ಲಿ ರೊಬೊತ ಎಂದರೆ ಒಕ್ಕಲು ತನ್ನ ಭೂಒಡೆಯನಿಗೆ ಕಡ್ಡಾಯವಾಗಿ ಸಲ್ಲಿಸಬೇಕಾಗಿದ್ದ ಕೂಲಿಯಿಲ್ಲದ ದುಡಿಮೆ. ಇಂತಿಷ್ಟು ದಿನ ಉಳಬೇಕು, ಎತ್ತು ಬಂಡಿ ಹೂಡಿಕೊಂಡು ಬಂದು ಒಡೆಯನ ಮರಮುಟ್ಟು ಸಾಗಿಸಬೇಕು, ಸುಗ್ಗಿಯಲ್ಲಿ ತನ್ನ ಪೈರು ಹೊಲದಲ್ಲಿ ಉದುರುತ್ತಿದ್ದರೂ ಮೊದಲು ಒಡೆಯನದನ್ನು ಕೊಯ್ಯಬೇಕು. ಈ ಹೊರೆಯನ್ನು ತಾಳಲಾರದೆ ರೈತರು ದಂಗೆಯೆದ್ದ ಮೇಲೆ, 1680ರಲ್ಲಿ ಚಕ್ರವರ್ತಿ ಲಿಯೊಪೋಲ್ಡನು ರೊಬೊತವು ವಾರಕ್ಕೆ 3 ದಿನಗಳನ್ನು ಮೀರಕೂಡದೆಂದು ಶಾಸನ ಮಾಡಿದನು; ಆದರೂ ಒಡೆಯರು ಅದನ್ನು ಮೀರದಿರಲಿಲ್ಲ. 1775ರಲ್ಲಿ ಮತ್ತೊಂದು ದಂಗೆ, ಅದರ ಬೆನ್ನಿಗೇ ಮರಿಯಾ ತೆರೇಸಾ ರಾಣಿಯ ಮತ್ತೊಂದು ಶಾಸನ. ಆ ಶಾಸನಗಳ ಜರ್ಮನ್ ಹೆಸರಿನಲ್ಲಿಯೇ ರೊಬೊಟ್ ಎಂಬ ಶಬ್ದವಿದೆ. ಎಂದರೆ ನಾವು ಯಂತ್ರದ ಹೆಸರೆಂದು ತಿಳಿದಿರುವುದು ಯಂತ್ರಕ್ಕೆ ಅಂಟುವುದಕ್ಕೆ ಮುಂಚೆ ಸರಕಾರಿ ಕಾಗದಗಳಲ್ಲಿ ಬಿಟ್ಟಿದುಡಿಮೆಯ ಹೆಸರಾಗಿ ತಲೆಮಾರುಗಳ ಕಾಲ ಬಾಳಿತ್ತು. ಅದು ನಿರ್ಮೂಲವಾದದ್ದು 1848ರ ಕ್ರಾಂತಿಯ ವರ್ಷದಲ್ಲಿ. ಚಾಪೆಕ್ ಸೋದರರ ಬಾಲ್ಯದಲ್ಲಿ ಅದನ್ನು ಕಂಡುಂಡ ಮುದುಕರು ಆ ಹಳ್ಳಿಗಳಲ್ಲಿ ಇನ್ನೂ ಬದುಕಿದ್ದಿರಬೇಕು.

ಕನ್ನಡಿಗನಿಗೆ ಈ ವಿವರಣೆ ಹೊರನಾಡಿನದೆಂದು ತೋರಲಾರದು. ರೊಬೊತಕ್ಕೆ ನಮ್ಮಲ್ಲಿ ಸರಿಸಮನಾದ ಮಾತೊಂದಿದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯ ತದ್ಭವ ಅದು. ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ವಿಷ್ಟಿ ಗೊತ್ತು. ಕ್ರಿ.ಶ. 150ರ ಸುಮಾರಿನ ಜುನಾಗಢದ ಶಾಸನದಲ್ಲಿ ದೊರೆ ರುದ್ರದಾಮನು, ಸುದರ್ಶನ ಕೆರೆಯ ಒಡೆದ ಕಟ್ಟೆಯನ್ನು ಪ್ರಜೆಗಳ ಮೇಲೆ ಕರವನ್ನಾಗಲಿ ವಿಷ್ಟಿಯನ್ನಾಗಲಿ ಹೇರದೆ ಕಟ್ಟಿಸಿದೆನೆಂದು ಹೆಮ್ಮೆಪಟ್ಟುಕೊಳ್ಳುತ್ತಾನೆ. ಹೇರದಿದ್ದುದೇ ಹೇಳಿಕೊಳ್ಳತಕ್ಕ ವಿಷಯವಾಗಿದ್ದರೆ, ಹೇರುವುದು ಎಷ್ಟು ವಾಡಿಕೆಯಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ನಮ್ಮ ನಾಡಿನ ದತ್ತಿಶಾಸನಗಳಲ್ಲಿಯೂ ಬಿಟ್ಟ ಭೂಮಿಗೆ ಮನ್ನಾ ಆದ ತೆರಿಗೆಗಳ ಪಟ್ಟಿಯಲ್ಲಿ ಬಿಟ್ಟಿಯ ಹೆಸರು ಬರುತ್ತದೆ. ಗಮನಿಸಬೇಕಾದದ್ದೇನೆಂದರೆ, ಇಂದಿನ ಆಡುಮಾತಿನಲ್ಲಿ ಬಿಟ್ಟಿ ಎಂದರೆ ಪುಕ್ಕಟೆಯಾಗಿ ದೊರೆತದ್ದು. ಬಿಟ್ಟಿ ಊಟ, ಬಿಟ್ಟಿ ಸಿನಿಮಾ. ದುಡಿದವನ ಬಾಯಲ್ಲಿ ಸಂಕಟದ ಹೆಸರಾಗಿದ್ದ ಮಾತು, ದುಡಿಸಿಕೊಂಡವನ ಬಾಯಲ್ಲಿ ಲಾಭದ ಹೆಸರಾಗಿ ನಮ್ಮವರೆಗೆ ಬಂದಿದೆ. ಜೀತವೆಂಬ ಮಾತಿನ ಹಾದಿ ಇದಕ್ಕೆ ವಿರುದ್ಧವಾದದ್ದು: ಜೀವಿತದಿಂದ ಹುಟ್ಟಿ, ಹಳಗನ್ನಡದಲ್ಲಿ ಸಂಬಳವೆಂಬ ಗೌರವದ ಅರ್ಥವನ್ನು ಪಡೆದಿದ್ದ ಅದು, ಸಾಲಕ್ಕೆ ಒತ್ತೆಬಿದ್ದ ಆಳಿನ ಬದುಕಿನ ಹೆಸರಾಗಿ ಇಳಿಯಿತು. ಬೇಗಾರಿಯನ್ನು ನಮ್ಮ ಸಂವಿಧಾನದ 23ನೆಯ ವಿಧಿ ನಿಷೇಧಿಸಿತು. ಜೀತವನ್ನು 1976ರ ಕಾಯಿದೆ ರದ್ದುಮಾಡಿತು. ಬೊಹೀಮಿಯ 1848ರಲ್ಲಿ ದಾಟಿದ ಹೊಸ್ತಿಲನ್ನು ಕಾಗದದ ಮೇಲಾದರೂ ನಾವು ದಾಟಿದ್ದು ಅಷ್ಟು ಈಚೆಗೆ.

ಇನ್ನೂ ಆಳಕ್ಕೆ ಇಳಿದರೆ ಬಾಂಧವ್ಯ ಮತ್ತಷ್ಟು ಹತ್ತಿರವಾಗುತ್ತದೆ. ರೊಬೊತ ಎಂಬುದರ ಮೂಲದಲ್ಲಿರುವ ಸ್ಲಾವ್ ಧಾತುವಿಗೆ ದಾಸನೆಂದು ಅರ್ಥ. ದುಡಿಮೆಯನ್ನು ಹೇಳುವ ಜರ್ಮನ್ನಿನ ಆರ್ಬೈಟ್, ಅನಾಥನನ್ನು ಹೇಳುವ ಗ್ರೀಕಿನ ಓರ್ಫನೊಸ್, ಇವೆಲ್ಲ ಒಂದೇ ಬೇರಿನ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಅದೇ ಬೇರು ಸಂಸ್ಕೃತದಲ್ಲಿ ಕೊಟ್ಟ ಶಬ್ದವೇ ಅರ್ಭ. ಅರ್ಭಕ ಎಂದು ನಾವೂ ಬಳಸುತ್ತೇವೆ. ತಂದೆತಾಯಿಗಳನ್ನು ಕಳೆದುಕೊಂಡ ಅರ್ಭಕನು ಪರರ ಮನೆಯ ತುತ್ತಿಗೆ ಕೈಯೊಡ್ಡಬೇಕಾಗಿ ಬಂದು, ಆ ತುತ್ತಿನ ಋಣಕ್ಕೆ ಅಲ್ಲಿಯೇ ದುಡಿದು, ದುಡಿದಲ್ಲಿಯೇ ದಾಸನಾಗುವ ಪಾಡು ಈ ಮಾತುಗಳ ಅರ್ಥಪರಂಪರೆಯಲ್ಲಿ ಹುದುಗಿದೆ. ಗೌಡರ ಮನೆಯ ದನ ಕಾಯುವುದಕ್ಕೆ ಎಂಟು ಹತ್ತು ವರ್ಷದ ಮಗುವನ್ನು ವರ್ಷಕ್ಕಿಷ್ಟೆಂದು ಬಿಡುತ್ತಿದ್ದ ಹಳ್ಳಿಗಳನ್ನು ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಟಕವನ್ನು ಓದದೆಯೇ ಪದವನ್ನು ಬಳಸುವವರು ಬಹುಮಂದಿ. ಓದಿದರೆ ಮೊದಲು ಕಾಣುವ ಸಂಗತಿಯೇ ಅಚ್ಚರಿಯದು. ಚಾಪೆಕನ ರೊಬೊಟುಗಳು ಲೋಹದವಲ್ಲ. ರಸಾಯನದಿಂದ ಸಿದ್ಧವಾದ ಒಂದು ಬಗೆಯ ಜೀವದ್ರವ್ಯವನ್ನು ತೊಟ್ಟಿಗಳಲ್ಲಿ ಕಲಸಿ, ಈಲಿಯನ್ನೂ ಮೂಳೆಯನ್ನೂ ನರವನ್ನೂ ಬೇರೆ ಬೇರೆ ವಿಭಾಗಗಳಲ್ಲಿ ತಯಾರಿಸಿ ಜೋಡಿಸಿದ, ನೋಡುವುದಕ್ಕೆ ಥೇಟು ಮನುಷ್ಯರಂತೆಯೇ ಇರುವ ಜೀವಿಗಳವು. ಅವುಗಳನ್ನು ಕಂಡುಹಿಡಿದವನ ಹೆಸರು ರೊಸ್ಸುಮ್. ಜೆಕ್ ಭಾಷೆಯಲ್ಲಿ ಬುದ್ಧಿ ಎಂಬರ್ಥದ ರೊಜುಮ್ ಎಂಬ ಶಬ್ದ ಅದರ ಹಿಂದೆ ಕೇಳಿಸುತ್ತದೆ. ದುಡಿಮೆಗೆ ಬೇಕಿಲ್ಲದ ಸಂತೋಷ, ಸಂಗೀತ, ಸುಮ್ಮನೆ ಅಡ್ಡಾಡಬೇಕೆಂಬ ಬಯಕೆ ಇವನ್ನೆಲ್ಲ ವೆಚ್ಚ ಉಳಿಸುವುದಕ್ಕಾಗಿ ಮನುಷ್ಯನಿಂದ ಕಳೆದ ಮೇಲೆ ಏನು ಉಳಿಯುತ್ತದೆಯೋ ಅದೇ ರೊಬೊಟ್. ತನ್ನ ಸೃಷ್ಟಿ ತಗಡಿನ ಡಬ್ಬಿಗಳಾಗಿ ಜಗತ್ತಿನಲ್ಲಿ ತಿರುಗುತ್ತಿರುವುದನ್ನು ಕಂಡು ಚಾಪೆಕನು 1935ರಲ್ಲಿ ಪತ್ರಿಕೆಯಲ್ಲಿ ತನ್ನ ಅಸಮ್ಮತಿಯನ್ನು ಬರೆದನು. ಆ ವೇಳೆಗೆ ಪದ ಅವನ ಕೈ ಮೀರಿತ್ತು.

ಆ ನಾಟಕದ ಮೂರು ಸಂಗತಿಗಳನ್ನು ಪೀಣ್ಯದವರೂ ಎಲೆಕ್ಟ್ರಾನಿಕ್ ಸಿಟಿಯವರೂ ಅರಿಯಬೇಕೆಂದು ನನಗೆ ಬಹಳ ಸಲ ಅನಿಸಿದೆ. ತೆರೆಯೇಳುತ್ತಲೇ ರಂಗದ ಮೇಲೆ ಕಾಣುವ ಮೊಟ್ಟಮೊದಲ ರೊಬೊಟ್ ಭಾರ ಹೊರುವುದಿಲ್ಲ, ಕುಲುಮೆಯ ಮುಂದೆ ನಿಂತಿರುವುದಿಲ್ಲ. ಅದು ಸುಲ್ಲಾ ಎಂಬ ಹೆಣ್ಣುರೂಪದ ಬೆರಳಚ್ಚುಗಾರ್ತಿ, ಕಾರ್ಖಾನೆಯ ಮುಖ್ಯಸ್ಥನು ಹೇಳುತ್ತಿರುವ ವ್ಯಾಪಾರದ ಪತ್ರಗಳನ್ನು ಟೈಪು ಮಾಡುತ್ತಿರುತ್ತದೆ. ಇನ್ನೊಂದು ಸಂಗತಿ ನೋವಿನದು. ನೋವೇ ಇಲ್ಲದುದರಿಂದ ರೊಬೊಟುಗಳು ಯಂತ್ರಕ್ಕೆ ಕೈಕೊಟ್ಟು ಬೆರಳು ಮುರಿದುಕೊಂಡರೂ ಅವಕ್ಕೆ ಅರಿವಾಗುವುದಿಲ್ಲವೆಂದು, ಹಾನಿ ತಪ್ಪಿಸುವ ಸಲುವಾಗಿ ಅವಕ್ಕೆ ನೋವನ್ನು ಅಳವಡಿಸುವ ಯೋಜನೆಯನ್ನು ಅಲ್ಲಿನ ವಿಜ್ಞಾನಿ ವಿವರಿಸುತ್ತಾನೆ. ಕರುಣೆಯ ಮಾತೇ ಅಲ್ಲಿಲ್ಲ, ನೋವೂ ಉತ್ಪಾದನೆಯ ಒಂದು ಉಪಕರಣ. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವರನ್ನು ಕಂಡಿರುವ ಯಾವ ವರ್ಕ್‌ಶಾಪಿನವನೂ ಈ ಮಾತನ್ನು ಓದಿ ಹಾಗೆಯೇ ಮುಂದಿನ ಪುಟಕ್ಕೆ ಹೋಗಲಾರನು. ಕಡೆಯದು: ರೊಬೊಟುಗಳು ದಂಗೆಯೆದ್ದು ಮನುಷ್ಯಕುಲವನ್ನು ಅಳಿಸಿದಾಗ ಒಬ್ಬನೇ ಒಬ್ಬನನ್ನು ಉಳಿಸುತ್ತವೆ. ಆತನು ಆಲ್ಕ್ವಿಸ್ಟನೆಂಬ ಕಟ್ಟಡದ ಮೇಸ್ತ್ರಿ. ಅವನನ್ನು ಉಳಿಸಿದ ಕಾರಣ, ಅವನೂ ತಮ್ಮಂತೆ ಕೈಯಿಂದ ದುಡಿಯುವವನೆಂಬುದು.

ಪದವನ್ನು ಕೊಟ್ಟ ಸೋದರರ ಕೊನೆಯನ್ನೂ ಹೇಳಿಬಿಡುವುದು ಉಚಿತ. ಕಾರೆಲನು 1938ರ ಡಿಸೆಂಬರ್ 25ರಂದು, ನಾಟ್ಸಿಗಳು ಪ್ರಾಗನ್ನು ಹೊಗುವುದಕ್ಕೆ ಕೆಲವೇ ತಿಂಗಳ ಮುಂಚೆ, ಮರಣ ಹೊಂದಿದನು. ಯೋಸೆಫನನ್ನು 1939ರ ಸೆಪ್ಟೆಂಬರ್ 1ರಂದು ಹಿಡಿದೊಯ್ದರು. ಒಂದು ಸೆರೆಶಿಬಿರದಿಂದ ಇನ್ನೊಂದಕ್ಕೆ ಅವನನ್ನು ಸಾಗಿಸಿದರು. ಚಿತ್ರಕಾರನ ಆ ಕೈಯಿಂದ ತಮಗೆ ಬೇಕಾದದ್ದನ್ನು ಬರೆಯಿಸಿಕೊಂಡರು. 1945ರ ಏಪ್ರಿಲಿನಲ್ಲಿ, ಯುದ್ಧ ಮುಗಿಯುವ ಹೊಸ್ತಿಲಲ್ಲಿ, ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವನು ಅಳಿದನು. ಬಿಟ್ಟಿದುಡಿಮೆಯ ಹೆಸರನ್ನು ಕೃತಕ ಆಳಿಗೆ ಇತ್ತವನು ಬಲವಂತದ ದುಡಿಮೆಯಲ್ಲಿಯೇ ತನ್ನ ಕಡೆಯ ವರ್ಷಗಳನ್ನು ಕಳೆಯಬೇಕಾಯಿತು.

ರೊಬೊಟ್ ರೊಬಾಟಿಕ್ಸ್ ಆದ ಕಥೆ ಇದಕ್ಕಿಂತ ಸರಳ. 1920ರಲ್ಲಿ, ಎಂದರೆ ನಾಟಕ ಅಚ್ಚಾದ ವರ್ಷವೇ, ರಷ್ಯದ ಹಳ್ಳಿಯೊಂದರಲ್ಲಿ ಹುಟ್ಟಿ, ಮೂರು ವರ್ಷದ ಕೂಸಾಗಿದ್ದಾಗ ಅಮೆರಿಕಕ್ಕೆ ಹೋಗಿ, ಬ್ರೂಕ್ಲಿನ್ನಿನಲ್ಲಿ ತಂದೆಯ ಮಿಠಾಯಿ ಅಂಗಡಿಯಲ್ಲಿ ಬೆಳೆದ ಐಸಾಕ್ ಆಸಿಮೊವನು, 1941ರ ಮೇ ತಿಂಗಳಲ್ಲಿ ಪ್ರಕಟವಾದ ‘ಲೈಯರ್’ ಎಂಬ ಕಥೆಯಲ್ಲಿ ಈ ಶಬ್ದವನ್ನು ಬಳಸಿದನು. ಮೆಕ್ಯಾನಿಕ್ಸ್, ಹೈಡ್ರಾಲಿಕ್ಸ್ ಎಂದು ಶಾಸ್ತ್ರಗಳಿಗೆ ಹೆಸರಿರುವಾಗ ರೊಬೊಟುಗಳ ಶಾಸ್ತ್ರಕ್ಕೆ ರೊಬಾಟಿಕ್ಸ್ ಎಂಬ ಹೆಸರು ಆಗಲೇ ಇದ್ದೇ ಇರಬೇಕೆಂದು ಭಾವಿಸಿ ಬರೆದನೇ ಹೊರತು, ತಾನೊಂದು ಪದವನ್ನು ಟಂಕಿಸುತ್ತಿರುವೆನೆಂಬುದು ಅವನಿಗೆ ತಿಳಿದಿರಲಿಲ್ಲ. ಮರುವರ್ಷದ ಮಾರ್ಚಿನಲ್ಲಿ ಬಂದ ‘ರನ್‌ಅರೌಂಡ್’ ಕಥೆಯಲ್ಲಿ ಆ ಶಾಸ್ತ್ರದ ಮೂರು ಸೂತ್ರಗಳನ್ನು ನಿರೂಪಿಸಿದನು: ಮನುಷ್ಯನಿಗೆ ಹಾನಿ ಮಾಡಕೂಡದು, ಆಗಗೊಡಕೂಡದು, ಅದಕ್ಕೆ ವಿರುದ್ಧವಾಗದಷ್ಟು ಮಟ್ಟಿಗೆ ಮನುಷ್ಯನ ಆಜ್ಞೆಯನ್ನು ಪಾಲಿಸಬೇಕು, ಇವೆರಡಕ್ಕೂ ಬಾಧೆಯಾಗದಂತೆ ತನ್ನನ್ನು ತಾನು ರಕ್ಷಿಸಿಕೊಳ್ಳಬೇಕು. ಬುದ್ಧಿವಂತಿಕೆಯ ಸೂತ್ರಗಳೇ ಸರಿ. ಆದರೆ 1680ರ ಆ ಹಳೆಯ ಶಾಸನದ ಪಕ್ಕದಲ್ಲಿ ಇವನ್ನಿಟ್ಟು ಓದಿದವನಿಗೆ ಒಂದು ಭೇದ ಕಾಣದಿರದು: ಲಿಯೊಪೋಲ್ಡನ ಶಾಸನ ಕಟ್ಟಿಹಾಕಿದ್ದು ಒಡೆಯನನ್ನು, ಆಸಿಮೊವನ ಸೂತ್ರಗಳು ಕಟ್ಟಿಹಾಕುವುದು ಆಳನ್ನು ಮಾತ್ರ. ಒಬ್ಬನಿಗಾಗಿ ಇನ್ನೊಬ್ಬನು ದುಡಿಯುವ ಸಂಬಂಧವೊಂದರ ಹೆಸರಾಗಿದ್ದುದು, ಶಾಸ್ತ್ರದ ಪ್ರತ್ಯಯವನ್ನು ತೊಟ್ಟೊಡನೆ, ವಸ್ತುವೊಂದರ ಗುಣಧರ್ಮಗಳ ಹೆಸರಾಯಿತು. ಒಡೆಯನು ಚಿತ್ರದಿಂದ ಮರೆಯಾದನು.

ಕಥೆಯ ರೊಬೊಟ್ ಕಾರ್ಖಾನೆಗೆ ಬಂದದ್ದು 1961ರಲ್ಲಿ. ಜಾರ್ಜ್ ಡೆವಾಲನು 1954ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದ ಯಂತ್ರಕ್ಕೆ ಅವನೇನೂ ರೊಬೊಟ್ ಎಂದು ಹೆಸರಿಟ್ಟಿರಲಿಲ್ಲ. ಕ್ರಮವಿಧಿಯಂತೆ ವಸ್ತುಗಳನ್ನು ಸ್ಥಳಾಂತರಿಸುವ ಸಾಧನವೆಂದಷ್ಟೇ ಬರೆದಿದ್ದನು. ಆಸಿಮೊವನ ಕಥೆಗಳನ್ನು ಓದಿ ಬೆಳೆದ ಜೋಸೆಫ್ ಎಂಗೆಲ್‌ಬರ್ಗರನು ಅವನೊಡನೆ ಸೇರಿದ ಮೇಲೆ ಆ ಯಂತ್ರ ಯುನಿಮೇಟ್ ಎಂಬ ಹೆಸರಿನಿಂದ, ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯೊಂದರಲ್ಲಿ, ಅಚ್ಚಿನಿಂದ ಹೊರಬರುವ ಕಾದ ಎರಕಗಳನ್ನು ಎತ್ತಿಡುವ ಕೆಲಸಕ್ಕೆ ನಿಂತಿತು. ಅದರ ತೂಕ ಸುಮಾರು 1,800 ಕಿಲೋ. ಮನುಷ್ಯನ ಚರ್ಮವನ್ನು ಸುಡುವ, ಉಸಿರನ್ನು ಕೆಡಿಸುವ ಕೆಲಸವೇ ಅದಕ್ಕೆ ಮೊದಲು ಒದಗಿದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ.

ಯಂತ್ರಪುರುಷನ ಕಲ್ಪನೆ ನಮಗೇನೂ ಹೊಸದಲ್ಲವೆಂದು ಹೇಳುವವರುಂಟು. ಹೇಳುವುದರಲ್ಲಿ ಸತ್ಯವೂ ಉಂಟು. ಧಾರಾನಗರದ ಭೋಜರಾಜನು 11ನೆಯ ಶತಮಾನದಲ್ಲಿ ರಚಿಸಿದ ‘ಸಮರಾಂಗಣಸೂತ್ರಧಾರ’ದ ಒಂದು ಅಧ್ಯಾಯವೇ ಯಂತ್ರಗಳಿಗೆ ಮೀಸಲು, ದೀಪಕ್ಕೆ ಎಣ್ಣೆಯೆರೆಯುವ ಬೊಂಬೆ, ತಾಳಕ್ಕೆ ಕುಣಿಯುವ ಬೊಂಬೆ, ಬಾಗಿಲಲ್ಲಿ ಆಯುಧ ಹಿಡಿದು ನಿಲ್ಲುವ ಕಾವಲಿನ ಬೊಂಬೆ ಅಲ್ಲಿ ವರ್ಣಿತವಾಗಿವೆ. ಮದರಾಸಿನ ಸಂಸ್ಕೃತ ವಿದ್ವಾಂಸ ವಿ. ರಾಘವನ್ ಅವರು ಈ ಬಗೆಯ ಉಲ್ಲೇಖಗಳನ್ನೆಲ್ಲ ಹೆಕ್ಕಿ ತೆಗೆದು ಬರೆದ ಪ್ರಬಂಧವನ್ನು 1952ರಲ್ಲಿ ಪ್ರಕಟಿಸಿದ್ದು ನಮ್ಮ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್. ಆದರೂ ಭೋಜನ ಬೊಂಬೆಗಳು ಅರಮನೆಯ ವಿಲಾಸದವು. ಅವು ಉಳಲಿಲ್ಲ, ಕಲ್ಲು ಹೊರಲಿಲ್ಲ. ಹೊರುವುದಕ್ಕೆ ವಿಷ್ಟಿಯ ಜನರಿದ್ದ ಕಾಲದಲ್ಲಿ ಹೊರುವ ಬೊಂಬೆಯನ್ನು ಮಾಡಬೇಕೆಂಬ ಯೋಚನೆ ಯಾವ ರಾಜಶಿಲ್ಪಿಗೆ ತಾನೆ ಬಂದೀತು?

ಬೆಂಗಳೂರಿನ ವಾಯವ್ಯದ ಅಂಚು ಯಂತ್ರವಿದ್ಯೆಗೆ ಒಗ್ಗಿದ್ದು ಹಳೆಯ ಮಾತು. 1953ರಲ್ಲಿ ಜಾಲಹಳ್ಳಿಯ ಬಯಲಿನಲ್ಲಿ ಎಚ್‌ಎಂಟಿ ಬಂದಿತು, ಮರುವರ್ಷ ಬಿಇಎಲ್, 1962ರಲ್ಲಿ ತುಮಕೂರು ರಸ್ತೆಯ ಮೇಲೆ ಯಂತ್ರೋಪಕರಣಗಳ ಸಂಶೋಧನೆಗೆಂದೇ ಇಂದಿನ ಸಿಎಂಟಿಐ ಸ್ಥಾಪಿತವಾಯಿತು. ಆ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುತ್ತ ಬೆಳೆದದ್ದು ಪೀಣ್ಯದ ಸಣ್ಣ ಷೆಡ್ಡುಗಳು. 1986ರಲ್ಲಿ ರಕ್ಷಣಾ ಇಲಾಖೆಯು ಕೃತಕ ಬುದ್ಧಿ ಮತ್ತು ರೊಬಾಟಿಕ್ಸ್ ಎರಡನ್ನೂ ಹೆಸರಿನಲ್ಲಿಯೇ ಇಟ್ಟುಕೊಂಡ ‘ಕೇರ್’ ಪ್ರಯೋಗಾಲಯವನ್ನು ಬೆಂಗಳೂರಿನಲ್ಲಿ ತೆರೆಯಿತು. ಹಳದಿ ತೋಳುಗಳಿಗೆ ಹೆಸರಾದ ಜಪಾನಿನ ಫನುಕ್ ಸಂಸ್ಥೆ ತನ್ನ ಭಾರತದ ಕೇಂದ್ರಕ್ಕೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಿಸಿತು. ಇವನ್ನೆಲ್ಲ ಎಣಿಸುತ್ತ ಹೋಗುವುದಕ್ಕಿಂತ, ಒಂದೇ ಒಂದು ತೋಳು ಕೆಲಸ ಕಲಿಯುವುದನ್ನು ಹತ್ತಿರ ನಿಂತು ನೋಡುವುದು ಹೆಚ್ಚು ತಿಳಿವು ಕೊಡುತ್ತದೆ.

ಪೀಣ್ಯದ ಎರಡನೆಯ ಹಂತದ ಒಂದು ಷೆಡ್ಡಿನಲ್ಲಿ ಅಂಥದೊಂದನ್ನು ನಾನು ನೋಡಿದೆ. ಹಳದಿ ಬೇಲಿಯೊಳಗೆ ಆರು ಕೀಲುಗಳ ತೋಳು, ಅದರ ತುದಿಗೆ ವೆಲ್ಡಿಂಗ್ ಟಾರ್ಚು. ಐಟಿಐ ಮುಗಿಸಿ ಬಂದ ಹುಡುಗನೊಬ್ಬ ಎದೆಯ ಮುಂದೆ ಪೆಂಡೆಂಟ್ ಎಂಬ ಕೈನಿಯಂತ್ರಕವನ್ನು ಹಿಡಿದು, ತೋಳನ್ನು ಅಂಗುಲಂಗುಲವಾಗಿ ನಡೆಸುತ್ತಿದ್ದ. ಆ ಪೆಂಡೆಂಟಿನ ಹಿಂಬದಿಯಲ್ಲಿ ಒಂದು ಗುಂಡಿ: ಅರ್ಧ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತೋಳು ಅಲುಗುತ್ತದೆ, ಬೆರಳು ಸಡಿಲಿಸಿದರೂ ನಿಲ್ಲುತ್ತದೆ, ಹೆದರಿ ಗಟ್ಟಿಯಾಗಿ ಅಮುಕಿದರೂ ನಿಲ್ಲುತ್ತದೆ. ಮನುಷ್ಯನು ಬೇಲಿಯೊಳಗಿರುವಾಗ ತೋಳಿನ ವೇಗ ಸೆಕೆಂಡಿಗೆ 250 ಮಿಲಿಮೀಟರನ್ನು ಮೀರಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಗಾಬರಿಗೊಂಡ ಕೈ ಏನೇನು ಮಾಡಬಹುದೆಂಬುದನ್ನು ಮೊದಲೇ ಊಹಿಸಿ ಮಾಡಿದ ಆ ಗುಂಡಿಯಲ್ಲಿ ನನಗೆ ದೊಡ್ಡ ಮನುಷ್ಯತ್ವ ಕಂಡಿತು. ಹುಡುಗನ ಹಿಂದೆ, ಕಣ್ಣಿನ ಸುತ್ತ ವರ್ಷಗಳ ಆರ್ಕಿನ ಬೆಳಕು ಕುಡಿದ ಚರ್ಮದ, ಐವತ್ತು ದಾಟಿದ ವೆಲ್ಡರು ನಿಂತಿದ್ದರು. ‘ಟಾರ್ಚು ಇನ್ನೊಂಚೂರು ಮಲಗಿಸು ಮಗಾ, ಇಲ್ಲಾಂದ್ರೆ ಅಂಡರ್‌ಕಟ್ ಬರುತ್ತೆ’ ಎಂದು ಅವರು ಹೇಳಿದರೆ, ‘ಇಷ್ಟು ಸಾಕಾ ಅಣ್ಣ?’ ಎಂದು ಕೇಳಿ ಹುಡುಗ ಗುಂಡಿಯೊಂದನ್ನು ಒತ್ತುತ್ತಿದ್ದ. ಪಾಯಿಂಟ್ ಕೊಡುವುದು ಎಂದು ಅವರು ಇದಕ್ಕೆ ಹೇಳುತ್ತಾರೆ. ಹೀಗೆ ಕೊಟ್ಟ ಪಾಯಿಂಟುಗಳನ್ನೆಲ್ಲ ಕ್ರಮವಾಗಿ ನೆನಪಿಟ್ಟುಕೊಂಡು, ಕೂದಲೆಳೆಯಷ್ಟೂ ತಪ್ಪದೆ, ಶಿಫ್ಟಿನ ಮೇಲೆ ಶಿಫ್ಟು ಅದನ್ನೇ ಮಾಡುತ್ತ ಹೋಗುವುದು ತೋಳಿನ ಧರ್ಮ.

ಆ ವೆಲ್ಡರ ಕೈಯಲ್ಲಿದ್ದ ಓರೆ, ವೇಗ, ಮೂಲೆಯಲ್ಲಿ ಒಂದು ಕ್ಷಣ ತಡೆದು ಲೋಹವನ್ನು ತುಂಬಿಕೊಳ್ಳಲು ಬಿಡುವ ಹದ, ಇವು ಪುಸ್ತಕದಲ್ಲಿ ಇಲ್ಲ. ಅವರ ತೋಳಿನಿಂದ ಹುಡುಗನ ಬೆರಳಿನ ಮೂಲಕ ಯಂತ್ರದ ತೋಳಿಗೆ ಅವು ಇಳಿಯುತ್ತಿದ್ದವು. ಇಳಿಯದೆ ಉಳಿದದ್ದೂ ಉಂಟು. ಫಿಕ್ಸ್‌ಚರಿನಲ್ಲಿ ಜಾಬು ಎರಡು ಮಿಲಿಮೀಟರ್ ಸರಿದು ಕೂತರೆ, ನೋಡುವ ಕಣ್ಣಿನ ಸಾಧನ ಬೇರೆಯಾಗಿ ಜೋಡಿಸದ ಹೊರತು ತೋಳಿಗೆ ಅದು ತಿಳಿಯದು. ಕೊಟ್ಟ ಪಾಯಿಂಟಿಗೆ ಹೋಗಿ ಸಂದಿನ ಪಕ್ಕದಲ್ಲಿ ಅಚ್ಚುಕಟ್ಟಾಗಿ ವೆಲ್ಡು ಹಾಕಿ ಬರುತ್ತದೆ. ಕತ್ತರಿಸುವಾಗ ಹೆಚ್ಚು ಕಡಿಮೆಯಾದ ತುಂಡುಗಳು, ಹತ್ತೋ ಇಪ್ಪತ್ತೋ ಮಾತ್ರ ಬೇಕಾದ ಜಾಬುಗಳು, ರೋಬೊ ಕೆಡಿಸಿದ ಜಾಬುಗಳು ಇವೆಲ್ಲ ಇಂದಿಗೂ ಅಣ್ಣನ ಪಾಲಿಗೇ ಬರುತ್ತವೆ. ಹೊಗೆ ಅವರ ಎದೆಗೆ ಹೋಗುವುದು ಕಡಿಮೆಯಾಗಿದೆ. ಅದು ನಿಜವಾದ ಲಾಭ, ಅಲ್ಲಗಳೆಯತಕ್ಕದ್ದಲ್ಲ. ಆದರೆ ವರ್ಷಗಟ್ಟಲೆ ಕೂಡಿಸಿಟ್ಟ ಹದವನ್ನು ಒಂದು ಮಧ್ಯಾಹ್ನದಲ್ಲಿ ಯಂತ್ರಕ್ಕೆ ಎರೆದುಕೊಟ್ಟದ್ದಕ್ಕೆ ಅಂದಿನ ದಿನದ ಸಂಬಳವಲ್ಲದೆ ಬೇರೇನು ಸಂದಿತು ಎಂಬ ಪ್ರಶ್ನೆಗೆ ಪೀಣ್ಯದಲ್ಲಿ ಯಾವ ರಿಜಿಸ್ಟರಿನಲ್ಲಿಯೂ ಅಂಕಣವಿರುವಂತೆ ಕಾಣೆ. ಕೂಲಿ ಕೊಡದೆ ಪಡೆದ ದುಡಿಮೆಗೆ ನಮ್ಮ ಭಾಷೆಯಲ್ಲಿರುವ ಹೆಸರನ್ನು ಮೇಲೆಯೇ ಹೇಳಿದೆ.

ನಗರದ ತೆಂಕಣ ಅಂಚಿನ ಕಥೆ ಬೇರೆಯಲ್ಲ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಗಳಲ್ಲಿ, ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥ ಆರ್. ಕೆ. ಬಾಳಿಗರ ಕನಸಿನಂತೆ, ಆ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ ಅಲ್ಲಿ ತೋಳುಗಳ ಗದ್ದಲವನ್ನು ನಿರೀಕ್ಷಿಸಿದ್ದರೋ ಏನೋ. ಇಂದು ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಹೆಚ್ಚಾಗಿ ಕೇಳಿಬರುವುದು ಮೈಯೇ ಇಲ್ಲದ ರೊಬೊಟಿನ ಹೆಸರು. ಬಾಟ್ ಎನ್ನುತ್ತಾರೆ, ಹಳೆಯ ಪದದ ಬಾಲ ಮಾತ್ರ ಉಳಿದಿದೆ. ಇನ್‌ವಾಯ್ಸಿನ ಮೊತ್ತವನ್ನು ಒಂದು ಪರದೆಯಿಂದ ಓದಿ ಇನ್ನೊಂದು ಪರದೆಯಲ್ಲಿ ತುಂಬುವುದು, ವಿಮೆಯ ಅರ್ಜಿಗೆ ಸಂಖ್ಯೆ ಹಚ್ಚುವುದು, ಬಂದ ಪತ್ರಕ್ಕೆ ಸಿದ್ಧ ಉತ್ತರ ಕಳಿಸುವುದು ಅದರ ಕೆಲಸ. ಕಲಿಸುವ ವಿಧಾನವೂ ಪೀಣ್ಯದ್ದೇ: ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಗುಮಾಸ್ತೆಯೊಬ್ಬಳು ಎಲ್ಲೆಲ್ಲಿ ಕ್ಲಿಕ್ ಮಾಡುತ್ತಾಳೆಂಬುದನ್ನು ಒಂದೊಂದಾಗಿ ದಾಖಲು ಮಾಡಿಕೊಳ್ಳುತ್ತಾರೆ. ಪರದೆಯ ಮೇಲಿನ ಅಂಕಣ ಸ್ವಲ್ಪ ಸರಿದರೆ, ಸರಿದು ಕೂತ ಜಾಬಿನ ಮುಂದೆ ತೋಳು ತಪ್ಪುವಂತೆಯೇ, ಸರಳವಾದ ಬಾಟೂ ತಪ್ಪುತ್ತದೆ. ಆಗ ಮತ್ತೆ ಅವಳನ್ನೇ ಕರೆಯಬೇಕು. ಚಾಪೆಕನು ತನ್ನ ಮೊದಲ ರೊಬೊಟನ್ನು ಬೆರಳಚ್ಚು ಯಂತ್ರದ ಮುಂದೆ ಕೂರಿಸಿದ್ದನ್ನು ನೆನೆದರೆ, ಅವನ ಕಲ್ಪನೆ ನೂರು ವರ್ಷಗಳ ಹಿಂದೆಯೇ ಪೀಣ್ಯಕ್ಕಿಂತ ಎಲೆಕ್ಟ್ರಾನಿಕ್ ಸಿಟಿಯನ್ನು ಹೆಚ್ಚು ನಿಖರವಾಗಿ ಕಂಡಿತ್ತೆನ್ನಬೇಕು.

ಕನ್ನಡದಲ್ಲಿ ಇದಕ್ಕೆ ಯಂತ್ರಮಾನವ ಎಂಬ ಪದ ರೂಢವಾಗಿದೆ. ಸುಂದರವಾದ ಪದ, ಆದರೆ ಅದು ಆಕಾರವನ್ನು ಹೇಳುತ್ತದೆ, ದುಡಿಮೆಯನ್ನು ಹೇಳುವುದಿಲ್ಲ. ಇಸ್ರೋ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪರಿಚಯಿಸಿದ ಅರ್ಧಮಾನವರೂಪಿಗೆ ವ್ಯೋಮಮಿತ್ರ ಎಂದು ಹೆಸರಿಟ್ಟಿತು. ಅಲ್ಲಿ ಆಳು ಮಿತ್ರನಾಗಿದ್ದಾನೆ, ಅದೂ ಒಳ್ಳೆಯ ಹಾರೈಕೆ. ಹೊಸ ಪದ ಟಂಕಿಸಬೇಕೆಂಬ ಹಟ ನನಗಿಲ್ಲ. ಷೆಡ್ಡಿನ ಹುಡುಗರು ರೋಬೊ ಎಂದು ಕರೆದು ಅದನ್ನು ಕನ್ನಡವಾಗಿಸಿಕೊಂಡಾಗಿದೆ. ಐಟಿಐಗಳಲ್ಲಿ, ಡಿಪ್ಲೊಮಾ ತರಗತಿಗಳಲ್ಲಿ ರೊಬಾಟಿಕ್ಸಿನ ಮೊದಲ ಪಾಠದಂದು, ಆರು ಕೀಲುಗಳ ಚಿತ್ರ ಬರೆಯುವುದಕ್ಕೆ ಮುಂಚೆ, ರೊಬೊತವನ್ನೂ ಬಿಟ್ಟಿಯನ್ನೂ ಉಪಾಧ್ಯಾಯರು ಒಂದು ಗಳಿಗೆ ಹೇಳಲಿ ಎಂಬುದು ನನ್ನ ಬೇಡಿಕೆ. ಇನ್ನೊಂದು ಬೇಡಿಕೆ ಅದಕ್ಕಿಂತಲೂ ಸಣ್ಣದು. ಹಲವು ಬಗೆಯ ರೋಬೊಗಳಲ್ಲಿ ಪ್ರತಿಯೊಂದು ಪ್ರೋಗ್ರಾಮಿನ ತಲೆಭಾಗದಲ್ಲಿ ಟಿಪ್ಪಣಿಗೆಂದು ಕೆಲವು ಅಕ್ಷರಗಳ ಒಂದು ಅಂಕಣವಿರುತ್ತದೆ. ಪಾರ್ಟ್ ನಂಬರನ್ನೋ ತಾರೀಕನ್ನೋ ಅಲ್ಲಿ ಬರೆಯುವುದು ವಾಡಿಕೆ. ಯಾರ ಕೈಯ ಹದವನ್ನು ಆ ಪ್ರೋಗ್ರಾಮು ಹೊತ್ತಿದೆಯೋ ಅವರ ಹೆಸರನ್ನೂ ಅಲ್ಲಿ ಬರೆಯಬಾರದೇಕೆ, ಆ ಹೆಸರಿನ ಲೆಕ್ಕಕ್ಕೆ ಆಗಾಗ ಒಂದಿಷ್ಟು ಹಣವೂ ಸಲ್ಲಬಾರದೇಕೆ ಎಂದು ಆ ಹುಡುಗನನ್ನು ಕೇಳಿದೆ. ಹಣದ ಮಾತು ತನ್ನ ಕೈಯಲ್ಲಿಲ್ಲ, ಹೆಸರು ಹಾಕುವುದಕ್ಕೇನೂ ತೊಂದರೆಯಿಲ್ಲ, ಮೇಲಿನವರನ್ನು ಒಂದು ಮಾತು ಕೇಳಿ ಹಾಕುತ್ತೇನೆ ಎಂದ.